ನಾಗಾರ್ಜುನನ ಕರ್ಮಕಾರಕಪರೀಕ್ಷೆ

೧

ಕರ್ತೃವಿನ ವಿಚಾರವು ಬಂದಾಗಲೆಲ್ಲ ಆಸ್ತಿಕದರ್ಶನಗಳ ಗ್ರಂಥಗಳಲ್ಲಿ ಬೌದ್ಧರ ಮೇಲೆ ಒಂದು ಆಕ್ಷೇಪವು ತಪ್ಪದೆ ಬರುತ್ತದೆ. ಬೌದ್ಧರು ಆತ್ಮವನ್ನು ಒಪ್ಪತಕ್ಕವರಲ್ಲ, ಆತ್ಮವಿಲ್ಲವಾದರೆ ಕರ್ತೃವಿಲ್ಲ, ಕರ್ತೃವಿಲ್ಲವಾದರೆ ಮಾಡಿದ ಕರ್ಮದ ಫಲವು ಮಾಡಿದವನಿಗೆ ತಪ್ಪಿಹೋಗಿ ಮಾಡದವನಿಗೆ ಬಂದೊದಗುವುದು. ಕೃತಹಾನಿ, ಅಕೃತಾಭ್ಯಾಗಮ ಎಂದು ಹೆಸರಾದ ಈ ಎರಡು ದೋಷಗಳ ಪ್ರಸಕ್ತಿಯು ಕುಮಾರಿಲಭಟ್ಟನ ಶ್ಲೋಕವಾರ್ತಿಕದ ಆತ್ಮವಾದಪ್ರಕರಣದಲ್ಲಿ ವಿಸ್ತಾರವಾಗಿ ಬಂದಿದೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ತರ್ಕಪಾದದಲ್ಲಿ ವೈಶೇಷಿಕರನ್ನು ಅರ್ಧವೈನಾಶಿಕರೆಂದೂ ಬೌದ್ಧರನ್ನು ಸರ್ವವೈನಾಶಿಕರೆಂದೂ ಕರೆದು, ಅವರಲ್ಲಿಯೂ ಶೂನ್ಯವಾದಿಗಳ ಪಕ್ಷವು ಸರ್ವಪ್ರಮಾಣಗಳಿಗೂ ವಿರುದ್ಧವಾದುದರಿಂದ ಅದನ್ನು ನಿರಾಕರಿಸುವುದಕ್ಕೆ ಆದರವನ್ನೇ ತೋರಿಸಬೇಕಾಗಿಲ್ಲವೆಂದು ಮುಂದೆ ಸಾಗಿರುತ್ತಾರೆ.

ಈ ಆಕ್ಷೇಪವು ಪಂಡಿತರ ವಾದಕ್ಕೆ ಮಾತ್ರ ಸೇರಿದುದಲ್ಲ. "ಮಾಡಿದ್ದುಣ್ಣೋ ಮಹಾರಾಯ" ಎಂಬ ಕನ್ನಡದ ಗಾದೆಯು ಮಾಡಿದವನು ಒಬ್ಬನಿದ್ದಾನೆ, ಉಣ್ಣತಕ್ಕವನೂ ಅವನೇ ಎಂಬ ಎರಡು ಮಾತುಗಳ ಮೇಲೆ ನಿಂತಿದೆ. ಈ ಎರಡರಲ್ಲಿ ಒಂದು ಕುಸಿದರೂ ಲೋಕದಲ್ಲಿ ನಿಂದೆಯೂ ಇಲ್ಲ, ಪ್ರಶಂಸೆಯೂ ಇಲ್ಲ, ದಂಡವೂ ಇಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಆದುದರಿಂದ ಬೌದ್ಧರು, ವಿಶೇಷವಾಗಿ ಶೂನ್ಯವಾದಿಗಳು, ನಿಜವಾಗಿಯೂ ಕರ್ತೃವನ್ನು ಇಲ್ಲವೆಂದವರೇ ಎಂಬುದು ವಿಚಾರಿಸಲು ತಕ್ಕ ಪ್ರಶ್ನೆಯಾಗಿರುತ್ತದೆ. ಅದಕ್ಕೆ ಉತ್ತರವನ್ನು ಖಂಡನಗ್ರಂಥಗಳ ಪೂರ್ವಪಕ್ಷದಲ್ಲಿ ಹುಡುಕುವುದಕ್ಕಿಂತ ಅವರ ಮೂಲಗ್ರಂಥದಲ್ಲಿಯೇ ಹುಡುಕುವುದು ನ್ಯಾಯವು. ನಾಗಾರ್ಜುನನ ಮೂಲಮಧ್ಯಮಕಕಾರಿಕೆಯ ಎಂಟನೆಯ ಪ್ರಕರಣವಾದ ಕರ್ಮಕಾರಕಪರೀಕ್ಷೆಯು ಈ ವಿಷಯಕ್ಕೆಂದೇ ಮೀಸಲಾದುದು.

೨

ಮೂಲಮಧ್ಯಮಕಕಾರಿಕೆಯಲ್ಲಿ ೨೭ ಪ್ರಕರಣಗಳಿವೆ. ಗ್ರಂಥಕರ್ತನ ಕಾಲವು ಕ್ರಿಸ್ತಶಕದ ಎರಡನೆಯ ಮೂರನೆಯ ಶತಮಾನಗಳ ಸುಮಾರಿನದೆಂದು ವಿದ್ವಾಂಸರು ಎಣಿಸುತ್ತಾರೆ. ಕುಮಾರಜೀವನು ಇದನ್ನು ಒಂದು ವ್ಯಾಖ್ಯಾನದೊಡನೆ ಕ್ರಿ. ಶ. ೪೦೯ರಲ್ಲಿ ಚೀನೀ ಭಾಷೆಗೆ ತಿರುಗಿಸಿದನು. ಬುದ್ಧಪಾಲಿತ, ಭಾವವಿವೇಕ ಇವರ ವ್ಯಾಖ್ಯಾನಗಳು ಪೂರ್ಣವಾಗಿ ದೊರೆಯುವುದು ಟಿಬೆಟ್ಟಿನ ಭಾಷಾಂತರಗಳಲ್ಲಿ. ಸಂಸ್ಕೃತದಲ್ಲಿ ಇಡಿಯಾಗಿ ಉಳಿದು ಬಂದಿರುವ ವ್ಯಾಖ್ಯಾನವೆಂದರೆ ಏಳನೆಯ ಶತಮಾನದ ಚಂದ್ರಕೀರ್ತಿಯ ಪ್ರಸನ್ನಪದೆಯೊಂದೇ. ಇದನ್ನು ಮೂಲದೊಡನೆ ಲೂಯಿ ದ ಲಾ ವಲೇ ಪೂಸೇನ್ ಎಂಬ ಬೆಲ್ಜಿಯಂ ದೇಶದ ಪಂಡಿತನು ಶೋಧಿಸಿ ೧೯೦೩ರಿಂದ ೧೯೧೩ರ ವರೆಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಭಾಗಭಾಗವಾಗಿ ಪ್ರಕಟಿಸಿದನು. ಡಿ ಯಾಂಗ್ ಎಂಬ ಪಂಡಿತನು ಕಾರಿಕೆಗಳ ಪಾಠವನ್ನು ಮರಳಿ ಪರಿಷ್ಕರಿಸಿದ ಮುದ್ರಣವು ೧೯೭೭ರಲ್ಲಿ ಹೊರಬಿದ್ದಿತು. ಹೀಗೆ ಮೂಲವು ಕೈಗೆ ಸಿಕ್ಕಿ ಒಂದು ಶತಮಾನ ಕಳೆದಿದ್ದರೂ ಸಂಸ್ಕೃತ ಪಾಠಶಾಲೆಗಳ ಕ್ರಮದಲ್ಲಿ ಮಾಧ್ಯಮಿಕಮತವು ಹೆಚ್ಚಾಗಿ ಖಂಡನೀಯವಾದ ಪೂರ್ವಪಕ್ಷವೆಂದೇ ಪರಿಚಿತವಾಗಿದೆ.

ನಾಗಾರ್ಜುನನ ಎದುರಿನಲ್ಲಿದ್ದ ಪಕ್ಷವು ಯಾವುದೆಂಬುದನ್ನು ಮೊದಲು ತಿಳಿಯಬೇಕು. ಆತ್ಮವಾದಿಗಳ ಪಕ್ಷವು ಪ್ರಸಿದ್ಧವೇ ಆಗಿದೆ. ಆದರೆ ಬೌದ್ಧರೊಳಗೇ ಇನ್ನೊಂದು ಪಕ್ಷವಿದ್ದಿತು. ಸರ್ವಾಸ್ತಿವಾದಿಗಳ ಸಂಯುಕ್ತಾಗಮಕ್ಕೆ ಸೇರಿದ ಪರಮಾರ್ಥಶೂನ್ಯತಾಸೂತ್ರದಲ್ಲಿ ಕರ್ಮವೂ ಉಂಟು, ವಿಪಾಕವೂ ಉಂಟು, ಆದರೆ ಧರ್ಮಗಳ ಸಂಕೇತದ ಹೊರತಾಗಿ ಕಾರಕನೆಂಬವನು ಕಾಣಬರುವುದಿಲ್ಲವೆಂಬ ಅರ್ಥದ ಉಪದೇಶವಿದೆ. ವಸುಬಂಧುವು ಅಭಿಧರ್ಮಕೋಶಭಾಷ್ಯದಲ್ಲಿ ಇದನ್ನೇ ಪ್ರಮಾಣವಾಗಿ ಎತ್ತಿಕೊಂಡಿದ್ದಾನೆ. ಸಿಂಹಳದಲ್ಲಿದ್ದ ಬುದ್ಧಘೋಷನು ವಿಸುದ್ಧಿಮಗ್ಗದಲ್ಲಿ ದುಃಖವಿದೆ, ದುಃಖಿಯಿಲ್ಲ. ಕ್ರಿಯೆಯಿದೆ, ಮಾಡುವವನಿಲ್ಲ ಎಂಬ ತಾತ್ಪರ್ಯವನ್ನು ಹೇಳುತ್ತಾನೆ. ಈ ಇಬ್ಬರೂ ನಾಗಾರ್ಜುನನಿಗಿಂತ ಈಚಿನವರಾದರೂ ಇವರು ಹೇಳಿದ ಪಕ್ಷವು ಹಳೆಯದು. ಅದರ ತಿರುಳೇನೆಂದರೆ, ಕರ್ತೃವು ಹೆಸರಿಗೆ ಮಾತ್ರ, ಕರ್ಮವು ಮಾತ್ರ ವಸ್ತುತಃ ಸತ್ಯ ಎಂಬುದು. ಆಸ್ತಿಕರು ಬೌದ್ಧರ ಮೇಲೆ ಹೊರಿಸುವ ಆಕ್ಷೇಪಕ್ಕೆ ಈ ಪಕ್ಷವೇ ಗುರಿಯಾಗತಕ್ಕದ್ದು.

ಇಲ್ಲಿಯೇ ಎಂಟನೆಯ ಪ್ರಕರಣದ ವೈಶಿಷ್ಟ್ಯವು ಗೋಚರಿಸುತ್ತದೆ. ನಾಗಾರ್ಜುನನು ಕರ್ತೃವನ್ನು ಬಿಟ್ಟು ಕರ್ಮವನ್ನು ಇಟ್ಟುಕೊಳ್ಳುವುದಿಲ್ಲ. ಕರ್ತೃವಿಗೆ ಯಾವ ಬಗೆಯ ಸತ್ತೆಯೋ ಕರ್ಮಕ್ಕೂ ಅದೇ ಬಗೆಯ ಸತ್ತೆ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲದು. ತಕ್ಕಡಿಯ ಒಂದು ತಟ್ಟೆಯನ್ನು ಕಳಚಿ ಇನ್ನೊಂದರಿಂದ ತೂಗುವವನ ಪ್ರಯತ್ನದಂತೆ, ಕರ್ತೃರಹಿತವಾದ ಕರ್ಮವನ್ನು ಸ್ಥಾಪಿಸುವವನ ಪ್ರಯತ್ನವು ವ್ಯರ್ಥವೆಂದು ಅವನ ಅಭಿಪ್ರಾಯ. ಕರ್ತೃನಾಶಕನೆಂದು ಹೆಸರಾದವನು ಕರ್ತೃವನ್ನು ಮಾತ್ರ ನಾಶಮಾಡುವ ಸ್ವಮತೀಯರನ್ನೇ ತಡೆದಿದ್ದಾನೆ ಎಂಬುದು ಈ ಪ್ರಕರಣವನ್ನು ಓದಿದವರಿಗೆ ತಿಳಿಯಬೇಕಾದ ಮೊದಲನೆಯ ವಿಷಯವು.

೩

ಪ್ರಕರಣದಲ್ಲಿ ೧೩ ಕಾರಿಕೆಗಳಿವೆ. ಕಾರಕನೆಂಬ ಶಬ್ದವನ್ನು ನಾಗಾರ್ಜುನನು ಇಲ್ಲಿ ವ್ಯಾಕರಣದ ಆರು ಕಾರಕಗಳ ಅರ್ಥದಲ್ಲಿ ಪ್ರಯೋಗಿಸದೆ, ಮಾಡತಕ್ಕವನು ಎಂಬ ಯೌಗಿಕಾರ್ಥದಲ್ಲಿ ಪ್ರಯೋಗಿಸಿದ್ದಾನೆ. ಕಾರಕನು ಸದ್ಭೂತನಾಗಿರಬಹುದು, ಎಂದರೆ ಕಾರಕನೆಂದು ಮೊದಲೇ ಸಿದ್ಧನಾಗಿರಬಹುದು, ಅಸದ್ಭೂತನಾಗಿರಬಹುದು, ಎರಡೂ ಆಗಿರಬಹುದು. ಕರ್ಮವೂ ಹಾಗೆಯೇ ಮೂರು ಬಗೆ. ಒಂದೊಂದನ್ನು ಒಂದೊಂದರೊಡನೆ ಸೇರಿಸಿದರೆ ಒಂಬತ್ತು ವಿಕಲ್ಪಗಳಾಗುವುವು. ಇವುಗಳಲ್ಲಿ ಎರಡೂ ಒಂದೇ ಬಗೆಯಾಗಿರುವ ಮೂರು ಸಮಪಕ್ಷಗಳು. ಬೇರೆ ಬೇರೆ ಬಗೆಯಾಗಿರುವ ಆರು ವಿಷಮಪಕ್ಷಗಳು. ಹನ್ನೊಂದನೆಯ ಕಾರಿಕೆಯ ವರೆಗೆ ಈ ಒಂಬತ್ತರ ನಿರಾಸವೇ ನಡೆಯುತ್ತದೆ. ವಿಷಮಪಕ್ಷಗಳ ನಿರಾಸಕ್ಕೆ ಹೊಸ ಯುಕ್ತಿಯೇನೂ ಇಲ್ಲ; ಸಮಪಕ್ಷಗಳಲ್ಲಿ ಹೇಳಿದುದನ್ನೇ ಅನ್ವಯಿಸಿಕೊಳ್ಳಬೇಕೆಂದು ಗ್ರಂಥಕಾರನೇ ಸೂಚಿಸುತ್ತಾನೆ. ಸದಸದ್ರೂಪವಾದ ಮೂರನೆಯ ಸಮಪಕ್ಷವು ಪರಸ್ಪರ ವಿರೋಧದಿಂದಲೇ ಬಿದ್ದುಹೋಗುತ್ತದೆ. ಆದಕಾರಣ ಮೊದಲಿನ ಎರಡು ಸಮಪಕ್ಷಗಳೇ ವಿಚಾರಕ್ಕೆ ಮುಖ್ಯವಾದುವು.

ಮೊದಲನೆಯದು ಸಿದ್ಧನಾದ ಕಾರಕನು ಸಿದ್ಧವಾದ ಕರ್ಮವನ್ನು ಮಾಡುವನೆಂಬುದು. ಇದರ ನಿರಾಸವು ಹೀಗೆ. ಕ್ರಿಯೆಯ ಸಂಬಂಧವಿದ್ದವನಿಗೆ ಮಾತ್ರ ಕಾರಕನೆಂಬ ಹೆಸರು ಸಲ್ಲುವುದು. ಏನನ್ನೂ ಮಾಡದವನಿಗೆ ಸಲ್ಲದು. ಸಿದ್ಧನಾದ ಕಾರಕನೆಂದರೆ ಒಂದು ಕ್ರಿಯೆಯಿಂದ ಆಗಲೇ ಕಾರಕನಾದವನು. ಅವನು ಕರ್ಮವನ್ನು ಮಾಡಬೇಕಾದರೆ ಇನ್ನೊಂದು ಕ್ರಿಯೆಯು ಬೇಕು. ಆ ಎರಡನೆಯ ಕ್ರಿಯೆಯು ಇಲ್ಲ. ಎರಡನೆಯ ಕ್ರಿಯೆಯಿಲ್ಲದಿದ್ದರೆ ಕರ್ಮವು ಯಾರೂ ಮಾಡದೆಯೇ ಆದುದು ಎಂದಾಗುತ್ತದೆ. ಕರ್ಮದ ಕಡೆಯಿಂದ ನೋಡಿದರೂ ಹಾಗೆಯೇ: ಆಗಲೇ ಸಿದ್ಧವಾದುದಕ್ಕೆ ಮತ್ತೆ ಮಾಡುವ ಕ್ರಿಯೆಯು ಬೇಕಾಗಿಲ್ಲ, ಹಾಗಾದರೆ ಕರ್ತೃವಿಗೆ ಮಾಡತಕ್ಕ ಕರ್ಮವೇ ಇಲ್ಲದೆ ಹೋಗುತ್ತದೆ. ಎರಡನೆಯ ಪ್ರಕರಣವಾದ ಗತಾಗತಪರೀಕ್ಷೆಯಲ್ಲಿ ಹೋಗುವವನು ಹೋಗುತ್ತಾನೆ ಎಂಬಲ್ಲಿ ಎರಡು ಗಮನಗಳು ಬೇಕಾಗುವುವೆಂದು ತೋರಿಸಿದ ಯುಕ್ತಿಯೇ ಇಲ್ಲಿ ಮರಳಿ ಬಂದಿದೆ.

ಎರಡನೆಯ ಪಕ್ಷವು ಅಸಿದ್ಧನಾದ ಕಾರಕನು ಅಸಿದ್ಧವಾದ ಕರ್ಮವನ್ನು ಮಾಡುವನೆಂಬುದು. ಇದಕ್ಕೆ ಉತ್ತರವು ಬೇರೆ ಬಗೆಯದು. ಪ್ರಕರಣದ ಜೀವವೂ ಇಲ್ಲಿಯೇ ಇದೆ. ಹಾಗಾದರೆ ಕರ್ತೃವೂ ಕರ್ಮವೂ ನಿರ್ಹೇತುಕವಾಗುವುವು. ಹೇತುವಿಲ್ಲದಿದ್ದರೆ ಕಾರ್ಯವಿಲ್ಲ, ಕಾರಣವಿಲ್ಲ. ಅವಿಲ್ಲದಿದ್ದರೆ ಕ್ರಿಯೆಯಿಲ್ಲ, ಕರ್ತೃವಿಲ್ಲ, ಕರಣವಿಲ್ಲ. ಕ್ರಿಯಾದಿಗಳಿಲ್ಲದಿದ್ದರೆ ಧರ್ಮವೂ ಅಧರ್ಮವೂ ಇಲ್ಲ. ಅವುಗಳಿಂದ ಹುಟ್ಟುವ ಫಲವಿಲ್ಲ. ಫಲವಿಲ್ಲದಿದ್ದರೆ ಸ್ವರ್ಗಕ್ಕಾಗಲಿ ಮೋಕ್ಷಕ್ಕಾಗಲಿ ಮಾರ್ಗವಿಲ್ಲ. ಕೊನೆಗೆ ಲೋಕದ ಎಲ್ಲ ಕ್ರಿಯೆಗಳೂ ನಿರರ್ಥಕವಾಗುವುವು. ನಾಲ್ಕನೆಯದರಿಂದ ಆರನೆಯ ಕಾರಿಕೆಯ ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ಪರಂಪರೆಯು ಗಮನಾರ್ಹವಾದುದು. ಧರ್ಮಾಧರ್ಮಗಳ ಲೋಪ, ಫಲಲೋಪ, ಮಾರ್ಗಲೋಪ ಎಂಬಿವು ಆಸ್ತಿಕರು ಶೂನ್ಯವಾದಿಯ ಮೇಲೆ ಹೊರಿಸುವ ದೋಷಗಳು. ಅವುಗಳನ್ನೇ ನಾಗಾರ್ಜುನನು ಪ್ರತಿವಾದಿಯ ಮೇಲೆ ಅನಿಷ್ಟಪ್ರಸಂಗವಾಗಿ ಹೊರಿಸುತ್ತಾನೆ. ತನಗೆ ಇಷ್ಟವಾದುದನ್ನು ಯಾರೂ ಅನಿಷ್ಟವೆಂದು ಎದುರಾಳಿಗೆ ತೋರಿಸುವುದಿಲ್ಲ. ಆದ್ದರಿಂದ ಧರ್ಮಾಧರ್ಮವ್ಯವಸ್ಥೆಯು ಉಳಿಯಬೇಕೆಂಬುದು ಅವನಿಗೂ ಸಮ್ಮತವೆಂದು ತಿಳಿಯತಕ್ಕದ್ದು. ಇಪ್ಪತ್ತನಾಲ್ಕನೆಯ ಪ್ರಕರಣವಾದ ಆರ್ಯಸತ್ಯಪರೀಕ್ಷೆಯಲ್ಲಿ, ಸ್ವಭಾವವಾದಿಯು ಕಾರ್ಯಕಾರಣಗಳನ್ನೂ ಕರ್ತೃಕರಣಕ್ರಿಯೆಗಳನ್ನೂ ಫಲವನ್ನೂ ಬಾಧಿಸುತ್ತಾನೆಂದು ಅವನು ಮರಳಿ ಹೇಳುವುದು ಈ ಅರ್ಥವನ್ನೇ ದೃಢಪಡಿಸುತ್ತದೆ.

ಆದರೂ ಈ ಯುಕ್ತಿಗೆ ಒಂದು ಮಿತಿಯುಂಟು. ಧರ್ಮ, ಫಲ, ಮೋಕ್ಷಗಳನ್ನು ಒಪ್ಪುವ ಪ್ರತಿವಾದಿಗೆ ಮಾತ್ರ ಇದು ಪ್ರಸಂಗವಾಗಬಲ್ಲುದು. ಚಾರ್ವಾಕನ ಮುಂದೆ ಇದನ್ನು ಇಟ್ಟರೆ ಅವನು ಅದನ್ನು ಇಷ್ಟಾಪತ್ತಿಯೆಂದು ಸ್ವೀಕರಿಸಿ ನಕ್ಕುಬಿಡುವನು. ನಾಗಾರ್ಜುನನ ವಾದವು ಶ್ರದ್ಧಾವಂತರೊಡನೆ ನಡೆಯುವ ವಾದವೇ ಹೊರತು ಧರ್ಮವನ್ನು ನಂಬದವನಿಗೆ ನಂಬಿಕೆಯನ್ನು ಹುಟ್ಟಿಸುವ ವಾದವಲ್ಲ.

೪

ಮೊದಲನೆಯ ಪಕ್ಷದ ನಿರಾಸಕ್ಕೆ ವೈಯಾಕರಣರೂ ನೈಯಾಯಿಕರೂ ಸುಲಭವಾಗಿ ತಲೆದೂಗರು. ಪಾಣಿನಿಯು (೧. ೪. ೫೪) ಸ್ವತಂತ್ರನಾದವನನ್ನು ಕರ್ತೃವೆಂದೂ (೧. ೪. ೪೯) ಕರ್ತೃವಿಗೆ ಕ್ರಿಯೆಯಿಂದ ಪಡೆಯಲು ಅತ್ಯಂತ ಇಷ್ಟವಾದುದನ್ನು ಕರ್ಮವೆಂದೂ ವಿಧಿಸಿದ್ದಾನೆ. ಚಂದ್ರಕೀರ್ತಿಯು ಕರ್ಮಶಬ್ದವನ್ನು ವಿವರಿಸುವಾಗ ಈ ಲಕ್ಷಣವನ್ನೇ ಅವಲಂಬಿಸುತ್ತಾನೆ. ನಾಗಾರ್ಜುನನ ಯುಕ್ತಿಗಳಿಗೆ ವ್ಯಾಕರಣಶಾಸ್ತ್ರವೇ ಹಿನ್ನೆಲೆಯೆಂಬುದನ್ನು ಇಪ್ಪತ್ತನೆಯ ಶತಮಾನದಲ್ಲಿ ಕಮಲೇಶ್ವರ ಭಟ್ಟಾಚಾರ್ಯರು ಗತಾಗತಪರೀಕ್ಷೆಯನ್ನು ಕುರಿತು ಪ್ರತಿಪಾದಿಸಿದ್ದಾರೆ. ಅದೇ ಹಿನ್ನೆಲೆಯಲ್ಲಿ ಈ ಪ್ರಕರಣವನ್ನೂ ಒರೆಗೆ ಹಚ್ಚಿ ನೋಡಬಹುದು.

ಕರ್ಮವನ್ನು ಭರ್ತೃಹರಿಯು ವಾಕ್ಯಪದೀಯದ ಸಾಧನಸಮುದ್ದೇಶದಲ್ಲಿ ನಿರ್ವರ್ತ್ಯ, ವಿಕಾರ್ಯ, ಪ್ರಾಪ್ಯ ಎಂದು ಮೂರಾಗಿ ವಿಂಗಡಿಸಿದ್ದಾನೆ. ಚಾಪೆಯನ್ನು ಹೆಣೆಯುತ್ತಾನೆ ಎಂಬಲ್ಲಿ ಚಾಪೆಯು ನಿರ್ವರ್ತ್ಯ, ಎಂದರೆ ಕ್ರಿಯೆಯಿಂದಲೇ ಹುಟ್ಟತಕ್ಕದ್ದು. ಕಟ್ಟಿಗೆಯನ್ನು ಬೂದಿ ಮಾಡುತ್ತಾನೆ ಎಂಬಲ್ಲಿ ಕಟ್ಟಿಗೆಯು ವಿಕಾರ್ಯ, ಎಂದರೆ ಇದ್ದು ಮಾರ್ಪಡತಕ್ಕದ್ದು. ಸೂರ್ಯನನ್ನು ನೋಡುತ್ತಾನೆ ಎಂಬಲ್ಲಿ ಸೂರ್ಯನು ಪ್ರಾಪ್ಯ. ನೋಟದಿಂದ ಅವನಲ್ಲಿ ವಿಶೇಷವೇನೂ ಆಗದು. ಹೀಗಿರಲು ವೈಯಾಕರಣನು ನಾಗಾರ್ಜುನನನ್ನು ಕೇಳಬಹುದು: ಸೂರ್ಯನು ನೋಡುವುದಕ್ಕೆ ಮೊದಲೇ ಸಿದ್ಧನಾಗಿಲ್ಲವೇ? ಸಿದ್ಧವಾದ ಕರ್ಮಕ್ಕೆ ಕ್ರಿಯೆಯಿಲ್ಲವೆಂಬ ಮಾತು ಇಲ್ಲಿ ಹೇಗೆ ಸಲ್ಲುವುದು? ನೈಯಾಯಿಕನೂ ಹೀಗೆಯೇ ಕೇಳಬಹುದು: ಜ್ಞಾನ, ಚಿಕೀರ್ಷೆ, ಕೃತಿ ಇವುಗಳಿಗೆ ಆಶ್ರಯನಾದವನು ಕರ್ತೃ. ದೇವದತ್ತನು ಕೃತಿಗೆ ಮೊದಲು ದೇವದತ್ತನಾಗಿ ಇದ್ದೇ ಇರುತ್ತಾನೆ. ಕೃತಿಯು ಹುಟ್ಟಿದಾಗ ಕರ್ತೃವಾಗುತ್ತಾನೆ. ಒಂದೇ ಕ್ರಿಯೆಯು ಅವನನ್ನು ಕರ್ತೃವನ್ನಾಗಿಯೂ ಮಾಡುವುದು, ಕರ್ಮವನ್ನೂ ನಿಷ್ಪನ್ನಗೊಳಿಸುವುದು. ಎರಡನೆಯ ಕ್ರಿಯೆಯ ಅಪೇಕ್ಷೆ ಎಲ್ಲಿಂದ ಬಂದಿತು?

ಈ ಶಂಕೆಗಳು ಬಲವಾದುವೇ. ಆದರೆ ಇವುಗಳನ್ನು ಹೇಳುವವನು ತನ್ನ ಮಾತಿನಿಂದಲೇ ನಾಗಾರ್ಜುನನ ಸಿದ್ಧಾಂತದ ಸಮೀಪಕ್ಕೆ ಬಂದುಬಿಡುತ್ತಾನೆ. ಒಂದೇ ಕ್ರಿಯೆಯಿಂದ ಕರ್ತೃವಿಗೂ ಕರ್ಮಕ್ಕೂ ಆ ಆ ಹೆಸರುಗಳು ಒಟ್ಟಿಗೆ ಬರುವುವೆಂದರೆ ಕರ್ತೃವು ಕರ್ತೃವಾಗಿ ಮೊದಲೇ ಸಿದ್ಧನಾಗಿರಲಿಲ್ಲವೆಂದು ಒಪ್ಪಿದಂತಾಯಿತು. ಸೂರ್ಯನು ಸೂರ್ಯನಾಗಿ ಮೊದಲೇ ಇದ್ದರೂ ನೋಟದ ಕರ್ಮವಾಗಿ ಮೊದಲೇ ಇರಲಿಲ್ಲ. ಕುಂಬಾರನ ದೃಷ್ಟಾಂತದಿಂದ ಇದು ಇನ್ನೂ ಸ್ಪಷ್ಟವಾಗುವುದು. ನಿದ್ರಿಸುತ್ತಿರುವ ಕುಂಬಾರನನ್ನೂ ಲೋಕವು ಕುಂಬಾರನೆಂದೇ ಕರೆಯುತ್ತದೆ. ಆದರೆ ಆ ಹೆಸರು ಅವನು ಹಿಂದೆ ಮಾಡಿದ ಮತ್ತು ಮುಂದೆ ಮಾಡಬಲ್ಲ ಗಡಿಗೆಗಳನ್ನು ನೋಡಿಕೊಂಡೇ ಬಂದುದು. ಸಂಸ್ಕೃತದ ಕುಂಭಕಾರಶಬ್ದವನ್ನು ಪಾಣಿನಿಯು (೩. ೨. ೧) ಕರ್ಮವು ಉಪಪದವಾಗಿರುವಾಗ ಧಾತುವಿಗೆ ಪ್ರತ್ಯಯವನ್ನು ವಿಧಿಸಿ ಸಾಧಿಸುತ್ತಾನೆ; ಕನ್ನಡದ ಕುಂಬಾರನು ಅದರ ತದ್ಭವ. ಕುಂಭವೆಂಬ ಕರ್ಮವನ್ನು ತೆಗೆದುಬಿಟ್ಟರೆ ಕುಂಬಾರನೆಂಬ ಶಬ್ದವೇ ಸಿದ್ಧಿಸದು. ಕರ್ತೃವಿನ ಹೆಸರಿನೊಳಗೇ ಕರ್ಮವು ಅಡಗಿರುವುದಕ್ಕೆ ಇದಕ್ಕಿಂತ ಸ್ಫುಟವಾದ ಸಾಕ್ಷಿಯು ಬೇಕಾಗಿಲ್ಲ.

ಇಷ್ಟೇ ಅಲ್ಲದೆ, ಕರ್ತೃತ್ವವು ವಸ್ತುವಿಗೆ ಅಂಟಿಕೊಂಡ ಸ್ವಭಾವವಲ್ಲವೆಂಬುದನ್ನು ವೈಯಾಕರಣರೇ ತಮ್ಮ ರೀತಿಯಲ್ಲಿ ಒಪ್ಪಿರುತ್ತಾರೆ. ಅಡಿಗೆಯವನು ಬೇಯಿಸುತ್ತಾನೆ ಎನ್ನುವಂತೆ ಪಾತ್ರೆಯು ಬೇಯಿಸುತ್ತದೆ ಎಂದೂ ಪ್ರಯೋಗವುಂಟೆಂದು ಪತಂಜಲಿಯು ಮಹಾಭಾಷ್ಯದಲ್ಲಿ ವಿಚಾರಿಸಿದ್ದಾನೆ. ಅನ್ನವು ತಾನಾಗಿಯೇ ಬೇಯುತ್ತದೆ ಎಂಬಲ್ಲಿ ಕರ್ಮವೇ ಕರ್ತೃವಾಗುವುದಕ್ಕೆ ಪಾಣಿನಿಯ ಅನುಶಾಸನವಿದೆ (೩. ೧. ೮೭). ಯಾವುದನ್ನು ಸ್ವತಂತ್ರವೆಂದು ಹೇಳುವ ಇಚ್ಛೆಯೋ ಅದು ಕರ್ತೃ; ವಿವಕ್ಷೆಯಿಂದ ಕಾರಕಗಳು ಏರ್ಪಡುವುವು. ಸಾಧನವೆಂದರೆ ದ್ರವ್ಯವಲ್ಲ, ಶಕ್ತಿಯೆಂದು ಭರ್ತೃಹರಿಯ ಸಿದ್ಧಾಂತವಾಗಿರುತ್ತದೆ. ಹೀಗೆ ಶಬ್ದಶಾಸ್ತ್ರವು ಕಾರಕಗಳನ್ನು ಕ್ರಿಯಾಪೇಕ್ಷವೆಂದು ಒಪ್ಪಿ ನಿಲ್ಲುತ್ತದೆ. ಕ್ರಿಯೆಗೆ ಹೊರಗಿರುವ ದ್ರವ್ಯದ ಮಾತನ್ನು ಎತ್ತುವುದಿಲ್ಲ. ನಾಗಾರ್ಜುನನು ಅಲ್ಲಿಗೆ ನಿಲ್ಲದೆ ಆ ದ್ರವ್ಯವನ್ನೂ ಪ್ರಶ್ನಿಸುತ್ತಾನೆ.

ಆ ಪ್ರಶ್ನೆಯು ಹದಿಮೂರನೆಯ ಕಾರಿಕೆಯಲ್ಲಿದೆ. ಕರ್ತೃಕರ್ಮಗಳಿಗೆ ಹೇಳಿದುದನ್ನೇ ಉಪಾದಾನಕ್ಕೂ, ಎಂದರೆ ಆತ್ಮನೆಂಬವನು ತನ್ನದೆಂದು ಹಿಡಿದಿರುವ ಪಂಚಸ್ಕಂಧಗಳಿಗೂ, ಹಿಡಿದಿರುವ ಉಪಾದಾತೃವಿಗೂ, ಉಳಿದ ಎಲ್ಲ ಭಾವಗಳಿಗೂ ಅನ್ವಯಿಸಬೇಕೆಂದು ಅಲ್ಲಿ ಹೇಳಿದೆ. ಕೃತಿಗೆ ಮೊದಲು ದೇವದತ್ತನು ದೇವದತ್ತನಾಗಿ ಇದ್ದನೆಂಬ ನೈಯಾಯಿಕನ ಮಾತಿಗೆ ಉತ್ತರವು ಇದೇ. ಆ ದೇವದತ್ತನೂ ಶರೀರ, ವೇದನೆ, ಸಂಸ್ಕಾರಗಳನ್ನು ಹಿಡಿದೇ ದೇವದತ್ತನು. ಅವುಗಳಿಗೆ ಮೊದಲು ಅವುಗಳಿಲ್ಲದೆ ಇದ್ದವನೊಬ್ಬನನ್ನು ತೋರಿಸಲಾಗದು. ಮುಂದಿನ ಒಂಬತ್ತನೆಯ ಪ್ರಕರಣವು ಪೂರ್ವದಲ್ಲಿಯೇ ಇರುವ ಇಂತಹ ಪುರುಷನ ಪರೀಕ್ಷೆಗೆ ಮೀಸಲಾಗಿದೆ. ಹನ್ನೆರಡನೆಯ ಕಾರಿಕೆಯನ್ನು ಮಾತ್ರ ಎತ್ತಿ ಓದಿ, ಹದಿಮೂರನೆಯದನ್ನು ಬಿಡುವವರಿಗೆ ನೈಯಾಯಿಕನ ಶಂಕೆಯು ಉತ್ತರವಿಲ್ಲದುದಾಗಿ ತೋರುವುದು ಸಹಜವೇ ಆಗಿದೆ.

೫

ಈಗ ಹನ್ನೆರಡನೆಯ ಕಾರಿಕೆಯನ್ನು ತೆಗೆದುಕೊಳ್ಳಬಹುದು. ಒಂಬತ್ತು ವಿಕಲ್ಪಗಳನ್ನೂ ತಳ್ಳಿದ ಮೇಲೆ ನಾಗಾರ್ಜುನನು ತನ್ನ ಮತವನ್ನು ಹೇಳುವ ಸ್ಥಳವು ಇದು. ಕರ್ಮವನ್ನು ಅಪೇಕ್ಷಿಸಿ ಕಾರಕನು, ಆ ಕಾರಕನನ್ನು ಅಪೇಕ್ಷಿಸಿ ಕರ್ಮವು ಪ್ರವರ್ತಿಸುವುದು; ಇವುಗಳ ಸಿದ್ಧಿಗೆ ಬೇರೆ ಕಾರಣವು ಕಾಣದು ಎಂಬುದು ಅದರ ಅರ್ಥ. ಖಂಡನವೇ ಹೆಚ್ಚಾಗಿರುವ ಈ ಗ್ರಂಥದಲ್ಲಿ ಇಷ್ಟು ಸ್ಪಷ್ಟವಾಗಿ ವಿಧಿರೂಪದ ಮಾತು ಬರುವ ಸ್ಥಳಗಳು ವಿರಳ. ಆದಕಾರಣ ವಿಮರ್ಶಕನು ಅತ್ಯಂತ ಎಚ್ಚರದಿಂದ ಓದಬೇಕಾದ ಸ್ಥಳವೂ ಇದೇ.

ಇಲ್ಲಿ ಒಂದು ಶಂಕೆಯು ಏಳುತ್ತದೆ. ಇದು ಅನ್ಯೋನ್ಯಾಶ್ರಯದೋಷವಲ್ಲವೇ? ಹೊಳೆಯಲ್ಲಿ ಬಿದ್ದ ಇಬ್ಬರು ಈಜು ಬಾರದವರು ಒಬ್ಬರನ್ನೊಬ್ಬರು ಹಿಡಿದುಕೊಂಡರೆ ಇಬ್ಬರೂ ಮುಳುಗುವರೇ ಹೊರತು ದಡ ಸೇರರು. ಕರ್ಮವಿಲ್ಲದೆ ಕರ್ತೃವಿಲ್ಲ, ಕರ್ತೃವಿಲ್ಲದೆ ಕರ್ಮವಿಲ್ಲ ಎಂದರೆ ಎರಡೂ ಅಸಿದ್ಧವಾಗಬೇಕು. ಈ ಶಂಕೆಯನ್ನು ಹೊರಗಿನವರು ಮಾತ್ರ ಎತ್ತಬಲ್ಲರೆಂದು ತಿಳಿಯಬಾರದು. ನಾಗಾರ್ಜುನನೇ ಹತ್ತನೆಯ ಪ್ರಕರಣವಾದ ಅಗ್ನೀಂಧನಪರೀಕ್ಷೆಯಲ್ಲಿ ಇದನ್ನೇ ಎತ್ತಿದ್ದಾನೆ. ಅಗ್ನಿಯು ಇಂಧನವನ್ನು ಅಪೇಕ್ಷಿಸಿಯೂ ಇಂಧನವು ಅಗ್ನಿಯನ್ನು ಅಪೇಕ್ಷಿಸಿಯೂ ಸಿದ್ಧಿಸುವುದಾದರೆ, ಎರಡರಲ್ಲಿ ಯಾವುದು ಮೊದಲು ಸಿದ್ಧವಾಗಿ ಇನ್ನೊಂದಕ್ಕೆ ಆಸರೆಯಾಗುವುದೆಂದು ಅಲ್ಲಿ ಕೇಳುತ್ತಾನೆ. ಅಪೇಕ್ಷಿಸುವ ವಸ್ತುವು ಇನ್ನೂ ಸಿದ್ಧವಾಗಿಲ್ಲದಿದ್ದರೆ ಅಪೇಕ್ಷಿಸತಕ್ಕದ್ದು ಯಾವುದು? ಆಗಲೇ ಸಿದ್ಧವಾಗಿದ್ದರೆ ಅಪೇಕ್ಷೆಯು ಏಕೆ? ವಿಗ್ರಹವ್ಯಾವರ್ತನಿಯಲ್ಲಿ ಪ್ರಮಾಣಪ್ರಮೇಯಗಳ ಪರಸ್ಪರಸಿದ್ಧಿಯನ್ನು ನಿರಾಕರಿಸುವಾಗ ತಂದೆಮಕ್ಕಳ ದೃಷ್ಟಾಂತದಿಂದ ಇದೇ ಯುಕ್ತಿಯನ್ನು ಹೂಡಿದ್ದಾನೆ. ಹೀಗಿರಲು ಎಂಟನೆಯ ಪ್ರಕರಣದಲ್ಲಿ ಸಿದ್ಧಾಂತವಾದುದೇ ಹತ್ತನೆಯದರಲ್ಲಿ ದೋಷವಾಗಿದೆ. ಇದು ಗ್ರಂಥದ ಪೂರ್ವೋತ್ತರವಿರೋಧವೆಂದು ತೋರದಿರದು. ಈ ಪ್ರಕರಣದ ಮೇಲೆ ತರಬಹುದಾದ ಆಕ್ಷೇಪಗಳಲ್ಲಿ ಇದೇ ಅತ್ಯಂತ ಗಂಭೀರವಾದುದು.

ಚಂದ್ರಕೀರ್ತಿಯ ವ್ಯಾಖ್ಯಾನದಲ್ಲಿ ಇದಕ್ಕೆ ಸಮಾಧಾನದ ದಾರಿಯಿದೆ. ಹನ್ನೆರಡನೆಯ ಕಾರಿಕೆಯಲ್ಲಿ ಹೇಳಿದ ಸಿದ್ಧಿಯು ಬಿಸಿಲುಗುದುರೆಯ ನೀರಿನಂತಿರುವ ಸಾಂವೃತಪದಾರ್ಥಗಳ ಪ್ರಸಿದ್ಧಿಯೇ ಹೊರತು ಸ್ವಭಾವಸಿದ್ಧಿಯಲ್ಲ. ಇದಿದ್ದರೆ ಅದುಂಟು ಎಂಬ ಇದಂಪ್ರತ್ಯಯತೆಯನ್ನು ಮಾತ್ರ ಒಪ್ಪಿ ಲೋಕವ್ಯವಹಾರವನ್ನು ನಡೆಸುವುದು ಎಂದು ಅವನ ತಾತ್ಪರ್ಯ. ಹತ್ತನೆಯ ಪ್ರಕರಣದಲ್ಲಿ ನಿರಾಕೃತವಾದುದು ಸ್ವಭಾವದಿಂದ ಇರುವ ಎರಡು ವಸ್ತುಗಳ ಪರಸ್ಪರಾಪೇಕ್ಷೆ. ಎಂಟನೆಯದರಲ್ಲಿ ಸ್ವೀಕೃತವಾದುದು ಸ್ವಭಾವವಿಲ್ಲದ ಎರಡು ವ್ಯವಹಾರಗಳ ಪರಸ್ಪರಾಪೇಕ್ಷೆ. ಹೀಗೆ ವಿಷಯಭೇದದಿಂದ ವಿರೋಧವು ಪರಿಹಾರವಾಗುವುದು.

ಈ ಸಮಾಧಾನವು ತೇಲಿಸಿ ಹೇಳಿದ ಮಾತೇ, ನಿಜವಾಗಿ ನಿಲ್ಲುವುದೇ ಎಂಬುದನ್ನು ತಾರ್ಕಿಕರ ಪರಿಭಾಷೆಯಿಂದಲೇ ಪರೀಕ್ಷಿಸಬಹುದು. ಅನ್ಯೋನ್ಯಾಶ್ರಯವು ಉತ್ಪತ್ತಿಯಲ್ಲಿ, ಸ್ಥಿತಿಯಲ್ಲಿ, ಜ್ಞಪ್ತಿಯಲ್ಲಿ ಎಂದು ಮೂರು ಬಗೆಯೆಂದು ಅವರು ಹೇಳುತ್ತಾರೆ. ಎರಡು ವಸ್ತುಗಳಲ್ಲಿ ಒಂದು ಇನ್ನೊಂದನ್ನು ಹುಟ್ಟಿಸಬೇಕೆಂದರೆ ಉತ್ಪತ್ತಿಯಲ್ಲಿ ದೋಷ. ಒಂದರ ಜ್ಞಾನಕ್ಕೆ ಇನ್ನೊಂದರ ಜ್ಞಾನವು ಮೊದಲೇ ಬೇಕೆಂದರೆ ಜ್ಞಪ್ತಿಯಲ್ಲಿ ದೋಷ. ಆದರೆ ಹೊಳೆಯ ಈ ದಡ, ಆ ದಡ ಎಂಬ ವ್ಯವಹಾರದಲ್ಲಿ ಯಾವ ದೋಷವನ್ನೂ ಯಾರೂ ಹೇಳರು. ಈ ದಡವೆಂಬುದು ಆ ದಡವನ್ನು ಹುಟ್ಟಿಸಿದುದಲ್ಲ. ಒಂದು ಮೊದಲು ತಿಳಿದು ಇನ್ನೊಂದು ಆಮೇಲೆ ತಿಳಿದುದೂ ಅಲ್ಲ. ಎರಡೂ ಒಟ್ಟಿಗೆ ತಿಳಿಯುವುವು, ಒಟ್ಟಿಗೆ ಅಡಗುವುವು. ಉದ್ದ ಗಿಡ್ಡಗಳ ವ್ಯವಹಾರವೂ ಅಂತಹದೇ. ಕರ್ತೃಕರ್ಮಗಳನ್ನು ನಾಗಾರ್ಜುನನು ಈ ಜಾತಿಗೆ ಸೇರಿಸಿದನೆಂದು ತಿಳಿದರೆ ಹನ್ನೆರಡನೆಯ ಕಾರಿಕೆಯು ನಿರ್ದುಷ್ಟವಾಗುತ್ತದೆ.

ಇಲ್ಲಿಯೂ ಒಂದು ಕೊರತೆಯು ಉಳಿಯುವುದನ್ನು ಮರೆಮಾಚಬಾರದು. ದಡಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಆಗತಕ್ಕ ಕಾರ್ಯವೇನೂ ಇಲ್ಲ. ಕುಂಬಾರನು ತಿಗುರಿಯನ್ನು ತಿರುಗಿಸದೆ ಗಡಿಗೆಯಾಗದು. ಆದರೆ ಈ ಗಡಿಗೆಯಾಗದಿದ್ದರೂ ಅವನ ಕೈಕಾಲುಗಳು ಇರುತ್ತವೆ. ಅಪೇಕ್ಷೆಯು ಎರಡು ಕಡೆಯಿಂದಲೂ ಇದ್ದರೂ ಎರಡು ಕಡೆಯಿಂದಲೂ ಒಂದೇ ಬಗೆಯದಲ್ಲ: ಕರ್ಮದ ಹುಟ್ಟಿಗೆ ಕರ್ತ, ಕರ್ತನ ಹೆಸರಿಗೆ ಕರ್ಮ. ಈ ಭೇದವನ್ನು ಕಾರಿಕೆಯಲ್ಲಿ ಬಿಡಿಸಿ ಹೇಳಿಲ್ಲ. ಹುಟ್ಟು ಹೆಸರುಗಳೆರಡೂ ಮಾಧ್ಯಮಿಕನಿಗೆ ಪ್ರಜ್ಞಪ್ತಿಯಲ್ಲಿಯೇ ಸೇರುವುದರಿಂದ ಭೇದವನ್ನು ಹೇಳಬೇಕಾಗಿಲ್ಲವೆಂದು ಅವನ ಪಕ್ಷದವರು ಉತ್ತರಿಸಬಹುದು. ಆದರೆ ಆ ಉತ್ತರವು ಸಿದ್ಧಾಂತವನ್ನು ಒಪ್ಪಿದವರಿಗೆ ಸಾಕಾಗುವುದೇ ಹೊರತು ಒಪ್ಪಿಸಬೇಕಾದವರಿಗೆ ಸಾಲದು.

೬

ವೇದಾಂತಿಗಳ ಕರ್ತೃವಿಚಾರದೊಡನೆ ಇದನ್ನು ಹೋಲಿಸಿದರೆ ನಾಗಾರ್ಜುನನ ಸ್ಥಾನವು ಇನ್ನೂ ತಿಳಿಯಾಗುವುದು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ (೨. ೩. ೩೩) ಶಾಸ್ತ್ರವು ಸಾರ್ಥಕವಾಗಬೇಕಾದರೆ ಜೀವನು ಕರ್ತೃವಾಗಿರಲೇಬೇಕೆಂದು ಹೇಳಿದೆ. ವಿಧಿನಿಷೇಧಗಳು ಮಾಡಬಲ್ಲವನನ್ನು ಕುರಿತೇ ಹೊರಟಿರುವುವು. ಧರ್ಮಾಧರ್ಮಗಳು ಲೋಪವಾಗುವುವೆಂಬ ನಾಗಾರ್ಜುನನ ಪ್ರಸಂಗಕ್ಕೂ ಸೂತ್ರಕಾರನ ಈ ಹೇತುವಿಗೂ ಇರುವ ಸಾಮ್ಯವು ಆಶ್ಚರ್ಯಕರವಾದುದು. ಮುಂದೆ ಬಡಗಿಯ ದೃಷ್ಟಾಂತವಿರುವ ಸೂತ್ರದ (೨. ೩. ೪೦) ಭಾಷ್ಯದಲ್ಲಿ ಶಂಕರಾಚಾರ್ಯರು ಕರ್ತೃತ್ವವು ಸ್ವಾಭಾವಿಕವಲ್ಲ, ಉಪಾಧಿನಿಮಿತ್ತವಾದುದೆಂದು ನಿರ್ಣಯಿಸುತ್ತಾರೆ. ಬಾಚಿ ಮೊದಲಾದ ಸಾಧನಗಳನ್ನು ಹಿಡಿದಿರುವಾಗ ಬಡಗಿಯು ಕರ್ತೃವಾಗಿ ದಣಿಯುತ್ತಾನೆ. ಅವುಗಳನ್ನು ಇಳಿಸಿ ಮನೆಗೆ ಬಂದು ಕುಳಿತಾಗ ಸುಖಿಯಾಗಿರುತ್ತಾನೆ. ಕರ್ತೃತ್ವವು ಸ್ವಾಭಾವಿಕವಲ್ಲವೆಂಬ ವರೆಗೆ ಆಚಾರ್ಯರಿಗೂ ನಾಗಾರ್ಜುನನಿಗೂ ದಾರಿಯು ಒಂದೇ. ಬಾಚಿಯನ್ನು ಇಳಿಸಿದ ಮೇಲೆ ಮನೆಯಲ್ಲಿ ಉಳಿದು ಸುಖವಾಗಿರುವವನು ಯಾರು ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ. ಅವನು ನಿತ್ಯಶುದ್ಧಬುದ್ಧಮುಕ್ತನೆಂದು ಆಚಾರ್ಯರು. ಅವನೂ ಒಂದು ಉಪಾದಾನವನ್ನು ಹಿಡಿದೇ ಇರುವವನೆಂದು ನಾಗಾರ್ಜುನನು.

ಮಧ್ವಾಚಾರ್ಯರ ದಾರಿಯು ಮೂರನೆಯದು. ಅವರ ತತ್ತ್ವಸಂಖ್ಯಾನದಲ್ಲಿ ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡೇ ಬಗೆ, ಸ್ವತಂತ್ರನು ವಿಷ್ಣುವೊಬ್ಬನೇ. ಜೀವನ ಕರ್ತೃತ್ವವು ಸತ್ಯವಾದುದು, ಆದರೆ ಪರಾಧೀನವಾದುದು. ಜೀವಕರ್ತೃತ್ವಕ್ಕೆ ಸ್ವಾತಂತ್ರ್ಯವನ್ನು ಒಪ್ಪದಿರುವುದರಲ್ಲಿ ಇಲ್ಲಿಯೂ ಐಕಮತ್ಯವಿದೆ. ಆ ಪಾರತಂತ್ರ್ಯವು ಯಾರನ್ನು ಅಥವಾ ಯಾವುದನ್ನು ಕುರಿತುದು ಎಂಬುದರಲ್ಲಿ ಭೇದವಿದೆ. ಇಲ್ಲಿ ಈಶ್ವರನ ಅಧೀನ. ಅಲ್ಲಿ ತಾನು ಮಾಡುವ ಕರ್ಮದ ಅಧೀನ. ಈ ಮತಗಳನ್ನು ಒಂದಾಗಿಸುವುದು ಹೋಲಿಕೆಯ ಉದ್ದೇಶವಲ್ಲ. ಕರ್ತೃವನ್ನು ನಿರಪೇಕ್ಷನೆಂದು ಒಪ್ಪದವರೆಲ್ಲರೂ ಕರ್ತೃನಾಶಕರಾಗುವುದಾದರೆ ಆ ಹೆಸರು ಶೂನ್ಯವಾದಿಯೊಬ್ಬನಿಗೇ ಸಲ್ಲುವುದಿಲ್ಲವೆಂಬುದು ಇದರಿಂದ ತಿಳಿಯತಕ್ಕದ್ದು.

೭

ಕೊನೆಗೆ ಕೃತಹಾನಿ, ಅಕೃತಾಭ್ಯಾಗಮಗಳ ಮಾತಿಗೆ ಮರಳಬೇಕು. ಸಂಯುತ್ತನಿಕಾಯದ ಅಚೇಲಕಸ್ಸಪಸುತ್ತದಲ್ಲಿ, ಮಾಡುವವನೇ ಉಣ್ಣುವವನೆಂದರೆ ಶಾಶ್ವತವಾದವಾಗುವುದೆಂದೂ, ಮಾಡುವವನು ಬೇರೆ ಉಣ್ಣುವವನು ಬೇರೆಯೆಂದರೆ ಉಚ್ಛೇದವಾದವಾಗುವುದೆಂದೂ ಬುದ್ಧನು ಎರಡು ಅಂತಗಳನ್ನೂ ಬಿಟ್ಟು ಪ್ರತೀತ್ಯಸಮುತ್ಪಾದವನ್ನು ಉಪದೇಶಿಸಿದನು. ನಾಗಾರ್ಜುನನ ಹನ್ನೆರಡನೆಯ ಕಾರಿಕೆಯು ಆ ಮಧ್ಯಮಮಾರ್ಗವನ್ನೇ ತರ್ಕದ ರೂಪದಲ್ಲಿ ತೋರಿಸುತ್ತದೆ. ಕರ್ತೃವು ಕರ್ಮಕ್ಕೆ ಮೊದಲು ನಿರಪೇಕ್ಷನಾಗಿ ಇದ್ದವನಾದರೆ ಕರ್ಮವು ಅವನಿಗೆ ಹೊರಗಿನಿಂದ ಅಂಟಿದ ಧೂಳಿನಂತಾಗುವುದು, ಕೊಡಹಿದರೆ ಉದುರತಕ್ಕದ್ದು. ಕರ್ತೃವೇ ಇಲ್ಲವೆಂದರೆ ಕರ್ಮವು ಯಾರದೂ ಅಲ್ಲದ ಅನಾಥವಸ್ತುವಾಗುವುದು. ಕರ್ಮದಿಂದಲೇ ಕರ್ತೃವು ಕರ್ತೃವಾದನೆಂದರೆ, ತಾನು ಮಾಡಿದುದರಿಂದ ತನ್ನನ್ನು ಬೇರ್ಪಡಿಸಿ ತೋರಿಸುವ ದಾರಿಯು ಅವನಿಗೆ ಉಳಿಯದು. ಸಾಲವಿಲ್ಲದೆ ಸಾಲಗಾರನಿಲ್ಲ, ಸಾಲಗಾರನೆಂದು ಕರೆಯಿಸಿಕೊಂಡ ಮೇಲೆ ಸಾಲವು ತನ್ನದಲ್ಲವೆನ್ನುವಂತಿಲ್ಲ. ಹದಿನೇಳನೆಯ ಪ್ರಕರಣವಾದ ಕರ್ಮಫಲಪರೀಕ್ಷೆಯಲ್ಲಿ ಕರ್ಮವನ್ನು ಸಾಲಕ್ಕೂ ಅದರ ಅವಿನಾಶವನ್ನು ಸಾಲಪತ್ರಕ್ಕೂ ಹೋಲಿಸಿದವರ ಪಕ್ಷವು ಬರುತ್ತದೆ. ಸಾಲಪತ್ರವೆಂಬ ಪ್ರತ್ಯೇಕವಸ್ತುವನ್ನು ನಾಗಾರ್ಜುನನು ಸಿದ್ಧಾಂತವಾಗಿ ಇಟ್ಟುಕೊಳ್ಳದಿದ್ದರೂ ಕರ್ತೃಕರ್ಮಫಲಗಳ ವ್ಯವಹಾರವನ್ನು ಅಲ್ಲಿಯೂ ಕೈಬಿಟ್ಟಿಲ್ಲ.

ಈ ವಿಚಾರದಿಂದ ಫಲಿತವಾದುದು ಇಷ್ಟು. ಕರ್ತೃವಿಲ್ಲ, ಕರ್ಮವಿದೆ ಎಂಬ ಪಕ್ಷದ ಮೇಲಿನ ಆಕ್ಷೇಪವನ್ನು ನಾಗಾರ್ಜುನನ ಮೇಲೆ ಹೊರಿಸುವುದು ಅಯುಕ್ತವು. ಆ ಪಕ್ಷವನ್ನು ಅವನೇ ಒಪ್ಪಿಲ್ಲ. ಧರ್ಮಾಧರ್ಮಗಳ ಲೋಪವು ಅವನ ಸಿದ್ಧಾಂತವಲ್ಲ, ಅವನು ಇತರರಿಗೆ ತೋರಿಸಿದ ಅನಿಷ್ಟವು. ಅವನ ಮೇಲೆ ನ್ಯಾಯವಾಗಿ ತರಬಹುದಾದ ಆಕ್ಷೇಪವು ಬೇರೆಯಿದೆ: ಪರಸ್ಪರಾಪೇಕ್ಷೆಯನ್ನು ಅಗ್ನೀಂಧನಗಳಲ್ಲಿ ಬಿಟ್ಟು ಕರ್ತೃಕರ್ಮಗಳಲ್ಲಿ ಹಿಡಿದುದು ಹೇಗೆ ಎಂಬುದು. ಅದಕ್ಕೆ ವ್ಯಾಖ್ಯಾನಕಾರನು ಕೊಟ್ಟ ಸಮಾಧಾನವು ವ್ಯವಹಾರಸಿದ್ಧಿ ಮತ್ತು ಸ್ವಭಾವಸಿದ್ಧಿಗಳ ಭೇದವೊಂದರ ಮೇಲೆಯೇ ನಿಂತಿದೆ. ಶೂನ್ಯವಾದವನ್ನು ಖಂಡಿಸಬೇಕೆನ್ನುವವರು ಈ ಭೇದವನ್ನು ಖಂಡಿಸಬೇಕು. ಮಂಡಿಸಬೇಕೆನ್ನುವವರು ಇದನ್ನೇ ಮಂಡಿಸಬೇಕು. ಇದನ್ನು ಬಿಟ್ಟು ಸರ್ವವೈನಾಶಿಕನೆಂಬ ಒಂದು ಹೆಸರಿನಿಂದ ವಾದವನ್ನು ಮುಗಿಸಿದರೆ ಮಾಡದ ಕರ್ಮದ ಫಲವನ್ನು ನಾಗಾರ್ಜುನನಿಗೆ ಉಣಿಸಿದಂತಾಗುವುದು. ಅಕೃತಾಭ್ಯಾಗಮದೋಷವು ಆಗ ವಾದಿಯಲ್ಲಿಯೇ ನಿಲ್ಲುವುದು.